ಸೆಲ್ವಿಯ ಕೈ, ನನ್ನ ವರದಿ

ಈ ಕೆಲಸಕ್ಕೆ ಹೊಸದಾಗಿ ಸೇರಿದವರು ನನ್ನನ್ನು ಮೊದಲು ಕೇಳುವುದು ಯಾವ ಪರೀಕ್ಷೆ ಒಳ್ಳೆಯದು ಎಂದು. ನನಗೆ ಗೊತ್ತಿಲ್ಲ. ಇಪ್ಪತ್ತೆಂಟು ವರ್ಷ ಮಕ್ಕಳ ಮುಂದೆ ಕಾಗದ ಪೆನ್ಸಿಲ್ ಇಟ್ಟು, ಈ ಚೌಕ ನೋಡಿ ಬರಿ, ಈ ವಜ್ರದಾಕಾರ ನೋಡಿ ಬರಿ ಎಂದು ಹೇಳುತ್ತಾ ಬಂದವನು ಇಷ್ಟೇ ಹೇಳಬಲ್ಲೆ ಎಂದರೆ ಅವರಿಗೆ ಬೇಸರವಾಗುತ್ತದೆ. ಯಾವ ಪರೀಕ್ಷೆಯೂ ಬೇಡ, ಅನುಭವ ಸಾಕು ಎಂದು ನಾನು ಹೇಳಬಹುದೆಂದು ಕೆಲವರು ಕಾಯುತ್ತಾರೆ. ಅದನ್ನೂ ನಾನು ಹೇಳುವುದಿಲ್ಲ. ಅನುಭವವನ್ನು ನಂಬಿ ನಾನು ಮಾಡಿದ ತಪ್ಪು, ಪರೀಕ್ಷೆಗಳನ್ನು ನಂಬಿ ಮಾಡಿದ ಎಲ್ಲ ತಪ್ಪುಗಳಿಗಿಂತ ದೊಡ್ಡದು.

ನಾನು ಕೊಡಗಿನ ಶಾಲೆಗಳಲ್ಲಿ ಸಂಪನ್ಮೂಲ ಶಿಕ್ಷಕನಾಗಿದ್ದೆ. ಓದು, ಬರಹ, ಲೆಕ್ಕದಲ್ಲಿ ತೊಡಕಿರುವ ಮಕ್ಕಳನ್ನು ಗುರುತಿಸುವುದು, ಅವರಿಗೆ ಏನು ನೆರವು ಬೇಕೆಂದು ವರದಿ ಬರೆಯುವುದು, ಆಗುವಷ್ಟು ಪಾಠ ಮಾಡುವುದು ನನ್ನ ಕೆಲಸ. ಮೈಸೂರಿನಲ್ಲಿ ಮನಶ್ಶಾಸ್ತ್ರ ಓದಿದ್ದೆ. ನಮ್ಮ ಮನೆಯವರು ಹಾಸನದ ಕಡೆಯಿಂದ ಕುಶಾಲನಗರದ ಹತ್ತಿರ ಬಂದು ಬೇಸಾಯ ಮಾಡಿದವರು. ಭತ್ತ, ಶುಂಠಿ, ಹೊಗೆಸೊಪ್ಪು ಗೊತ್ತಿತ್ತು. ಕಾಫಿ ತೋಟ ಬಸ್ಸಿನ ಕಿಟಕಿಯಿಂದ ಕಂಡಷ್ಟೇ.

ಇನ್ನೊಂದು ವಿಷಯವನ್ನು ಮೊದಲೇ ಹೇಳಬೇಕು. ಇಲ್ಲಿ ಬರೆಯುವುದರಲ್ಲಿ ನನ್ನ ನೆನಪು ಎಷ್ಟು, ದಿನಚರಿಯ ಪುಸ್ತಕಗಳಲ್ಲಿರುವುದು ಎಷ್ಟು ಎಂದು ಆದಷ್ಟು ಬೇರೆ ಮಾಡಿ ತೋರಿಸುತ್ತೇನೆ. ಎರಡೂ ಒಂದನ್ನೊಂದು ಒಪ್ಪುವುದಿಲ್ಲ ಎಂದು ನನಗೆ ಗೊತ್ತಾದದ್ದು ನಿವೃತ್ತಿಯಾದ ಎರಡನೇ ವರ್ಷ.

ಸಿದ್ದಾಪುರದಿಂದ ಪಾಲಿಬೆಟ್ಟದ ಕಡೆ ಹೋಗುವಾಗ ಸಿಗುವ ಒಂದು ಶಾಲೆ. ಒಂದರಿಂದ ಹತ್ತನೇ ತರಗತಿಯವರೆಗೆ ಒಂದೇ ಕಾಂಪೌಂಡಿನಲ್ಲಿ. ಮಕ್ಕಳಲ್ಲಿ ಹೆಚ್ಚಿನವರು ಲೈನ್ ಮನೆಗಳವರು, ಎಂದರೆ ಕಾಫಿ ಎಸ್ಟೇಟಿನ ಕೂಲಿಯವರಿಗೆ ಸಾಲಾಗಿ ಕಟ್ಟಿಕೊಟ್ಟ ಮನೆಗಳವರು. ಮನೆಯಲ್ಲಿ ತಮಿಳು, ಮಲಯಾಳ, ಉರ್ದು, ತುಳು, ಶಾಲೆಯಲ್ಲಿ ಕನ್ನಡ. ಮುಖ್ಯೋಪಾಧ್ಯಾಯಿನಿ ದೇಚಮ್ಮ ಟೀಚರ್. ಕೆಲಸಕ್ಕೆ ಸೇರಿದ ಹೊಸದರಲ್ಲಿ ಅಲ್ಲಿ ಮೂರನೇ ತರಗತಿಯ ಏಳು ಮಕ್ಕಳನ್ನು ಕೂರಿಸಿ, ಕಾರ್ಡಿನಲ್ಲಿರುವ ಆಕಾರಗಳನ್ನು ನೋಡಿ ಬರೆಯಿಸಿದೆ. ಕಣ್ಣಿಗೆ ಕಂಡದ್ದನ್ನು ಕೈ ಹಾಗೆಯೇ ಮಾಡುತ್ತದೆಯೇ ಎಂದು ನೋಡುವ ಪರೀಕ್ಷೆ ಅದು. ಕೆಲವು ಮಕ್ಕಳ ಕಣ್ಣು ಚೆನ್ನಾಗಿರುತ್ತದೆ, ಕೈಯಲ್ಲಿ ಬಲವೂ ಇರುತ್ತದೆ, ಎರಡರ ನಡುವಿನ ಹಾದಿ ಮಾತ್ರ ಸಿಕ್ಕುಸಿಕ್ಕಾಗಿರುತ್ತದೆ. ಅಂಥವರ ಬರಹ ಸಾಲು ಬಿಟ್ಟು ಓಡುತ್ತದೆ, ಅಂಕಿಗಳು ಒಂದರ ಕೆಳಗೆ ಒಂದು ನಿಲ್ಲುವುದಿಲ್ಲ. ಏಳರಲ್ಲಿ ಐದು ಮಕ್ಕಳಿಗೆ ಈ ತೊಂದರೆ ಇದೆ ಎಂದು ದೇಚಮ್ಮ ಟೀಚರಿಗೆ ಹೇಳಿದೆ.

"ಏಳರಲ್ಲಿ ಐದಾ? ಹಾಗಾದ್ರೆ ನಮ್ಮ ಬಾವಿ ನೀರನ್ನೇ ಪರೀಕ್ಷೆ ಮಾಡಿಸ್ಬೇಕು ಮಾರಾಯ್ರೇ" ಅಂದರು. ಬಂದು ಬೆಂಚಿನ ಕೆಳಗೆ ಬಗ್ಗಿ ನೋಡಿದರು. "ನೀವು ಕೈ ಮಾತ್ರ ನೋಡಿದ್ದಾ? ಕಾಲು ನೋಡಿಲ್ವಾ?"

ನಾನು ಮಕ್ಕಳನ್ನು ಕೂರಿಸಿದ್ದು ಎಂಟನೇ ತರಗತಿಯ ಬೆಂಚಿನಲ್ಲಿ. ಯಾರ ಕಾಲೂ ನೆಲಕ್ಕೆ ಮುಟ್ಟುತ್ತಿರಲಿಲ್ಲ. ಜೋತಾಡುವ ಕಾಲಿನ ಮಗು ಬೀಳದೆ ಕೂರುವುದಕ್ಕೇ ಅರ್ಧ ಗಮನ ಕೊಡುತ್ತದೆ. ಅವರು ಎಲ್ಲಿಂದಲೋ ಎರಡು ಹಲಗೆ ತರಿಸಿ ಕಾಲಡಿ ಇಡಿಸಿದರು. ಮತ್ತೆ ಬರೆಸಿದೆ. ಐದು ಮಂದಿಯಲ್ಲಿ ಮೂವರು ಸರಿಯಾಗಿ ಬರೆದರು.

"ಈಗ ಎರಡೇ ಆಯ್ತು. ಊಟ ಆದ ಮೇಲೆ ಕೂರ್ಸಿ, ಇನ್ನೊಂದು ಕಡಿಮೆ ಆದ್ರೂ ಆಗ್ಬಹುದು" ಎಂದು ಹೇಳಿ ಅವರು ತಮ್ಮ ಕೋಣೆಗೆ ಹೋದರು. ಇದು ಪುಸ್ತಕದಲ್ಲಿದೆ. ಮಾತು ಹೀಗೇ ಇತ್ತೇ ಎಂದು ಪ್ರಮಾಣ ಮಾಡಲಾರೆ, ಹಲಗೆ ಮಾತ್ರ ನಿಜ.

ಆ ಕಾಲದಲ್ಲಿ ನಮಗೆ ಕಲಿಸಿದ್ದ ಚಿಕಿತ್ಸೆಯೆಂದರೆ ಮಣಿ ಪೋಣಿಸುವುದು, ಚುಕ್ಕಿ ಸೇರಿಸುವುದು, ಎರಡು ಗೆರೆಗಳ ನಡುವೆ ಪೆನ್ಸಿಲ್ ಓಡಿಸುವುದು. ಕಣ್ಣು ಕೈ ಹೊಂದಿಕೊಂಡರೆ ಓದು ಬರಹ ತಾನಾಗಿ ಬರುತ್ತದೆ ಎಂದು ನಂಬಿದ್ದೆವು. ಮೂರ್ನಾಡಿನಲ್ಲಿ ಒಬ್ಬ ಹುಡುಗನಿಗೆ ಒಂದು ವರ್ಷ ಹೀಗೆ ಮಾಡಿಸಿದೆ. ಅವನ ತಾಯಿ ಪೇಟೆಯಲ್ಲಿ ಬಟ್ಟೆ ಅಂಗಡಿ ನಡೆಸುತ್ತಿದ್ದರು. ಒಂದು ದಿನ ಅಂಗಡಿಯ ಮುಂದೆ ನನ್ನನ್ನು ತಡೆದು, "ಸಾರ್, ಮಣಿ ಸರ ಮನೆ ತುಂಬ ಆಯ್ತು. ಇವನ ಹೆಸರು ಬರೆಯೋದು ಯಾವಾಗ ಕಲಿಸ್ತೀರಿ?" ಎಂದರು. ನನಗೆ ಸಿಟ್ಟು ಬಂತು. ಆದರೆ ಮಣಿ ಪೋಣಿಸಿದ ಮಗು ಮಣಿ ಪೋಣಿಸುವುದರಲ್ಲಿ ಚುರುಕಾಗುತ್ತದೆ, ಅದಕ್ಕಿಂತ ಹೆಚ್ಚೇನೂ ಆಗುವುದಿಲ್ಲ ಎಂದು ನಾನೇ ಒಪ್ಪಿಕೊಳ್ಳಲು ಇನ್ನೂ ಕೆಲವು ವರ್ಷ ಬೇಕಾಯಿತು. ಬರೆಯಲು ಬರಬೇಕಾದರೆ ಬರೆಯುವುದನ್ನೇ ಕಲಿಸಬೇಕು, ಸಣ್ಣ ಸಣ್ಣ ಹೆಜ್ಜೆಯಾಗಿ. ಅದೂ ಆಗದಿದ್ದರೆ ಮಗುವಿನ ತಲೆಯಲ್ಲಿರುವುದು ಬೇರೆ ದಾರಿಯಲ್ಲಿ ಹೊರಗೆ ಬರುವಂತೆ ಮಾಡಬೇಕು. ಈಗ ನಿಮಗೆ ಇದನ್ನು ಮೊದಲ ವಾರದಲ್ಲೇ ಹೇಳಿಕೊಡುತ್ತಾರೆ.

ಹಲಗೆ, ಮಣಿ, ಹೀಗೆ ಪ್ರತಿ ಸಲವೂ ಪೆಟ್ಟು ತಿಂದು ನಾನು ಪರೀಕ್ಷೆಗಳ ಮೇಲೆ ನಂಬಿಕೆ ಕಳೆದುಕೊಂಡೆ. ಎಲ್ಲಿಯೋ ಇರುವ ಮಕ್ಕಳಿಗಾಗಿ ಮಾಡಿದ ಆಕಾರಗಳಿಂದ ಲೈನ್ ಮನೆಯ ಮಗುವನ್ನು ಅಳೆಯುವುದು ಅನ್ಯಾಯ ಎಂದು ಸಭೆಗಳಲ್ಲಿ ವಾದಿಸುತ್ತಿದ್ದೆ. ವಾದದಲ್ಲಿ ಹುರುಳಿತ್ತು. ಅದರಿಂದ ಬಂದ ಜಂಬವೂ ಇತ್ತು. ಸೆಲ್ವಿಯ ವಿಷಯ ಬಂದದ್ದು ಆ ಹೊತ್ತಿನಲ್ಲಿ.

ಸೆಲ್ವಿ ಅದೇ ಶಾಲೆಯಲ್ಲಿ ಹತ್ತನೇ ತರಗತಿ. ಮನೆಮಾತು ತಮಿಳು, ಕನ್ನಡ ನೀರು ಕುಡಿದ ಹಾಗೆ. ಪಾಠವನ್ನು ಒಂದು ಸಲ ಕೇಳಿದರೆ ಬಾಯಿಯಲ್ಲಿ ಪೂರ್ತಿ ಹೇಳುತ್ತಿದ್ದಳು. ಬರೆದರೆ ತಲೆಕಟ್ಟು ಒಂದು ಕಡೆ, ಅಕ್ಷರ ಒಂದು ಕಡೆ. ಒತ್ತಕ್ಷರ ಕೆಳಗಿನ ಸಾಲಿನ ಅಕ್ಷರದ ತಲೆಯ ಮೇಲೆ ಹೋಗಿ ಕೂತಿರುತ್ತಿತ್ತು. ಮುಕ್ಕಾಲು ಗಂಟೆಗೆ ಅರ್ಧ ಪುಟ. ಎಸ್ಸೆಸ್ಸೆಲ್ಸಿ ಪರೀಕ್ಷೆಯಲ್ಲಿ ಇಂಥವರಿಗೆ ಹೆಚ್ಚು ಸಮಯ, ಮತ್ತು ಅವರು ಹೇಳಿದ್ದನ್ನು ಬರೆದುಕೊಡುವ ಒಬ್ಬ ಸಹಾಯಕನನ್ನು ಕೊಡಲು ಅವಕಾಶವಿತ್ತು. ಅದಕ್ಕೆ ನನ್ನ ವರದಿ ಬೇಕು. ಜನವರಿ ಮುಗಿಯುವುದರೊಳಗೆ ಅರ್ಜಿ ಹೋಗಬೇಕು. ದೇಚಮ್ಮ ಟೀಚರ್ ನವೆಂಬರಿನಲ್ಲೇ ಕರೆಸಿದರು.

"ಇವಳು ಪಾಸಾದ್ರೆ ಈ ಲೈನಿಂದ ಹತ್ತನೇ ಕ್ಲಾಸು ಮುಗಿಸಿದ ಮೊದಲನೇ ಹುಡುಗಿ. ತಲೆ ಇದೆ, ಕೈ ಇಲ್ಲ. ಏನು ಬೇಕೋ ಬರೆದು ಕೊಡಿ" ಅಂದರು.

ಕಾರ್ಡುಗಳನ್ನು ಕೊಟ್ಟೆ. ವೃತ್ತಕ್ಕೆ ತಾಗಿದ ವಜ್ರದಾಕಾರವನ್ನು ಅವಳು ಕಾಗದದ ಎರಡು ಮೂಲೆಗಳಲ್ಲಿ ಬರೆದಳು. ಬರೆದು ಬಹಳ ಹೊತ್ತು ಅದನ್ನೇ ನೋಡಿದಳು.

"ಇದಲ್ಲ ಸಾರ್. ತಪ್ಪಾಗಿದೆ ಅಂತ ಕಾಣ್ತದೆ. ಸರಿ ಮಾಡೋದು ಹೇಗೆ ಅಂತ ಕೈಗೆ ಗೊತ್ತಾಗಲ್ಲ."

ಆ ಮಾತನ್ನು ನಾನು ಪುಸ್ತಕದಲ್ಲಿ ಬರೆದುಕೊಂಡಿದ್ದೇನೆ, ಅಡಿಗೆರೆ ಎಳೆದು. ಕಣ್ಣು ತಪ್ಪನ್ನು ಹಿಡಿಯುತ್ತದೆ, ಕೈಗೆ ಅದನ್ನು ತಲುಪಿಸಲಾಗುವುದಿಲ್ಲ. ನಾನು ಕಲಿತ ವಿದ್ಯೆಯೆಲ್ಲ ಆ ಒಂದು ಮಾತಿನಲ್ಲಿತ್ತು. ಅಡಿಗೆರೆ ಎಳೆದವನು ಮರೆತದ್ದು ಹೇಗೆ ಎಂದು ಈಗ ಕೇಳಿಕೊಳ್ಳುತ್ತೇನೆ.

ಡಿಸೆಂಬರಿನ ಒಂದು ಶನಿವಾರ ಮಧ್ಯಾಹ್ನ ಅವಳ ತಾಯಿ ಪಳನಿಯಮ್ಮನನ್ನು ನೋಡಲು ತೋಟಕ್ಕೆ ಹೋದೆ. ಕಾಫಿ ಕುಯ್ಲಿನ ಮೊದಲ ಸುತ್ತು. ಆ ಸುತ್ತಿನಲ್ಲಿ ಗೊಂಚಲಿನಿಂದ ಹಣ್ಣಾದದ್ದನ್ನು ಮಾತ್ರ ಕುಯ್ಯಬೇಕು, ಹಸಿರು ಕಾಯಿಯನ್ನು ಗಿಡದಲ್ಲೇ ಬಿಡಬೇಕು. ಶಾಲೆ ಬಿಟ್ಟ ಮೇಲೆ ಸೆಲ್ವಿಯೂ ತಾಯಿಯ ಜೊತೆ ಕುಯ್ಯುತ್ತಿದ್ದಳು. ಎರಡು ಕೈಯ ಬೆರಳುಗಳು ಗೊಂಚಲಿನೊಳಗೆ ಓಡಾಡುತ್ತಿದ್ದವು, ಹಣ್ಣು ಸೊಂಟದ ಚೀಲಕ್ಕೆ ಬೀಳುತ್ತಿತ್ತು. ಕೆಲಸ ನೋಡಿಕೊಳ್ಳುವ ರೈಟರ್ ಹತ್ತಿರವೇ ಇದ್ದ.

"ಸೆಲ್ವಿ ಚೀಲದಲ್ಲಿ ಕಾಯಿ ಹುಡುಕಿ ನೋಡಿ ಸಾರ್. ಸಿಕ್ಕಿದ್ರೆ ನನಗೆ ಹೇಳಿ" ಅಂದ. ಕೈ ಹಾಕಿ ನೋಡಿದೆ. ಬರೀ ಕೆಂಪು.

ನನಗೆ ರೋಮಾಂಚನವಾಯಿತು. ಕಾಗದದ ಪರೀಕ್ಷೆ ಹೇಳಿದ್ದನ್ನು ತೋಟ ಸುಳ್ಳು ಮಾಡಿತು ಎಂದುಕೊಂಡೆ. ಕೆಂಪು ಹಸಿರನ್ನು ಬೇರೆ ಮಾಡಿ ಅಷ್ಟು ವೇಗವಾಗಿ ಕೀಳುವ ಹುಡುಗಿಗೆ ಕಣ್ಣು ಕೈ ಹೊಂದಾಣಿಕೆ ಇಲ್ಲ ಎಂದರೆ ಯಾರು ನಂಬುತ್ತಾರೆ? ಆ ಭಾನುವಾರ ಕೂತು ಮೂರು ಪುಟದ ವರದಿ ಬರೆದೆ. ಪರೀಕ್ಷೆಯ ಫಲಿತಾಂಶವನ್ನು ಪಕ್ಕಕ್ಕಿಡಬೇಕು, ಬದುಕಿನ ಕೆಲಸದಲ್ಲಿ ಈ ವಿದ್ಯಾರ್ಥಿನಿಯ ಸಾಮರ್ಥ್ಯ ಸ್ಪಷ್ಟವಾಗಿ ಕಂಡಿದೆ, ಬರವಣಿಗೆಯ ತೊಂದರೆಗೆ ಅಭ್ಯಾಸದ ಕೊರತೆಯೇ ಕಾರಣ, ವಿಶೇಷ ಸೌಲಭ್ಯದ ಅಗತ್ಯವಿಲ್ಲ. ಭಾಷೆ ಚೆನ್ನಾಗಿತ್ತು.

ಆಗಿನ ನಮ್ಮ ಮೇಲಧಿಕಾರಿ ಆ ವರದಿಯನ್ನು ತಿಂಗಳ ಸಭೆಯಲ್ಲಿ ಓದಿಸಿದರು. "ಹೀಗೆ ಬರೀಬೇಕು ರಿಪೋರ್ಟು. ಟೇಬಲ್ ಮುಂದೆ ಕೂತ್ಕೊಂಡಲ್ಲ, ತೋಟಕ್ಕೆ ಹೋಗಿ. ಎಲ್ಲರೂ ಒಂದೊಂದು ಕಾಪಿ ಇಟ್ಕೊಳ್ಳಿ" ಅಂದರು. ಅವರು ಸುಲಭಕ್ಕೆ ಯಾರನ್ನೂ ಹೊಗಳುವವರಲ್ಲ. ಜೆರಾಕ್ಸ್ ಮಾಡಿಸಿ ಹಂಚಿದರು.

ದೇಚಮ್ಮ ಟೀಚರ್ ಮಾತ್ರ ವರದಿ ಓದಿ ಕನ್ನಡಕ ತೆಗೆದರು. "ಇನ್ನೊಂದು ಸಲ ನೋಡ್ತೀರಾ?"

"ನೋಡಿದ್ದೇನೆ ಟೀಚರ್, ಕಣ್ಣಾರೆ."

"ಸರಿ. ನೀವು ಓದಿದವರು" ಅಂದರು. ಹಲಗೆಯ ದಿನದ ಹಾಗೆ ತಮಾಷೆ ಮಾಡಲಿಲ್ಲ.

ಜನವರಿಯಲ್ಲಿ ಸಿದ್ದಾಪುರದ ಬಸ್‌ಸ್ಟ್ಯಾಂಡಿನಲ್ಲಿ ಪಳನಿಯಮ್ಮ ಸಿಕ್ಕರು. ಸಂತೆಯ ಚೀಲವನ್ನು ಕೆಳಗಿಟ್ಟು ನನ್ನ ಹತ್ತಿರ ಬಂದರು.

"ಸಾರ್, ಸೆಲ್ವಿಗೆ ಬರೆದುಕೊಡಕ್ಕೆ ಆಳು ಇಲ್ಲ ಅಂತ ಟೀಚರಮ್ಮ ಹೇಳಿದ್ರು. ನೀವೇ ಬೇಡ ಅಂದ್ರಂತೆ."

"ಅವಳ ಕೈ ಚೆನ್ನಾಗಿದೆಯಲ್ಲಮ್ಮ. ನಾನೇ ನೋಡಿದ್ದೀನಿ, ಒಂದು ಕಾಯಿ ಬರದ ಹಾಗೆ ಹಣ್ಣು ಕುಯ್ತಾಳೆ. ನೋಡದೆ ಅದು ಆಗುತ್ತಾ?"

ಅವರು ನನ್ನನ್ನು ವಿಚಿತ್ರವಾಗಿ ನೋಡಿದರು. "ಅವಳು ಎಲ್ಲಿ ನೋಡಿ ಕುಯ್ತಾಳೆ ಸಾರ್? ಮುಖ ನನ್ನ ಕಡೆ ಇರ್ತದೆ, ಬಾಯಿ ಸಿನಿಮಾ ಕತೆ ಹೇಳ್ತದೆ. ಸಣ್ಣವಳಿರುವಾಗ ಕೆಂಪು ನೋಡಿ ಕುಯ್ಯಿ ಅಂತ ಹೇಳಿ ಹೇಳಿ ಸಾಕಾಯ್ತು. ಕೆಂಪು ಅಂತ ಬೆರಳು ತೋರಿಸ್ತಾಳೆ, ಕೈ ಹೋಗಿ ಪಕ್ಕದ ಕಾಯಿ ಹಿಡೀತದೆ. ರೈಟರ್ ಬಯ್ದು ಬಯ್ದು ಇಟ್ಟ. ಆಮೇಲೆ ನಾನು ಕಣ್ಣು ಮುಚ್ಚಿಸಿ ಕಲಿಸ್ದೆ. ಹಣ್ಣು ಮೆತ್ತಗೆ, ಸ್ವಲ್ಪ ತಿರುಗಿಸಿದ್ರೆ ಕೈಗೆ ಬರ್ತದೆ. ಕಾಯಿ ಗಟ್ಟಿ, ಬರಲ್ಲ. ಬೆರಳಿಗೆ ಗೊತ್ತಾಗ್ತದೆ. ಈಗ ಅವಳು ಕಣ್ಣು ಬಿಟ್ಟು ಕುಯ್ದ್ರೂ ಕಣ್ಣಿಗೆ ಕೆಲಸ ಇಲ್ಲ."

ಚೀಲವನ್ನು ಮತ್ತೆ ಎತ್ತಿಕೊಂಡು, "ಕಾಗದದಲ್ಲಿ ಮುಟ್ಟಿ ನೋಡಕ್ಕೆ ಏನಿದೆ ಸಾರ್?" ಎಂದರು.

ಪಾಲಿಬೆಟ್ಟದ ಬಸ್ಸು ಬಂತು, ಅವರು ಹತ್ತಿದರು. ಪರೀಕ್ಷೆಯ ಕಾಗದ ಸರಿಯಾಗಿತ್ತು. ತೋಟದಲ್ಲಿ ನಾನು ನೋಡಿದ್ದು ಸ್ಪರ್ಶದ ಕೆಲಸ, ನೋಟದ್ದಲ್ಲ. ತೋಟ ಗೊತ್ತಿರುವ ಯಾರನ್ನು ಕೇಳಿದ್ದರೂ ಹೇಳುತ್ತಿದ್ದರು. ನಾನು ಕೇಳಿರಲಿಲ್ಲ.

ಇಲ್ಲಿಯವರೆಗೆ ನೆನಪಿಗೂ ಪುಸ್ತಕಕ್ಕೂ ಜಗಳವಿಲ್ಲ. ಮುಂದಿನದ್ದನ್ನು ನಾನು ಹಲವು ವರ್ಷ ತರಬೇತಿಗಳಲ್ಲಿ ಹೀಗೆ ಹೇಳುತ್ತಾ ಬಂದೆ. ಮರುದಿನವೇ ಮಡಿಕೇರಿಗೆ ಹೋದೆ, ಮೇಲಧಿಕಾರಿಯ ಮುಂದೆ ನಿಂತು ನನ್ನ ವರದಿ ತಪ್ಪು ಎಂದೆ, ಅವರು ಕೆಂಡವಾದರು, ನಾನು ಹೊಸ ವರದಿಯನ್ನು ಮೇಜಿನ ಮೇಲಿಟ್ಟು ಬಂದೆ. ಹುಡುಗಿಗೆ ಸಹಾಯಕರು ಸಿಕ್ಕರು, ಪಾಸಾದಳು. ಆದ್ದರಿಂದ ಮಕ್ಕಳೇ, ತಪ್ಪನ್ನು ಒಪ್ಪಿಕೊಳ್ಳಲು ಹೆದರಬೇಡಿ. ಕೇಳುತ್ತಿದ್ದವರ ಕಣ್ಣು ತೇವವಾಗುತ್ತಿತ್ತು. ಅಧಿಕಾರಿಯ ಮೇಜಿನ ಗಾಜಿನ ಕೆಳಗಿದ್ದ ಕ್ಯಾಲೆಂಡರಿನ ಚಿತ್ರ ಕೂಡ ನನಗೆ ಕಾಣುತ್ತದೆ.

ಕಳೆದ ವರ್ಷ ಹಳೆಯ ಕಡತ ವಿಲೇವಾರಿ ಮಾಡುವಾಗ ಆ ಎರಡನೇ ವರದಿಯ ನನ್ನ ಪ್ರತಿ ಸಿಕ್ಕಿತು. ಕಚೇರಿ ಅದನ್ನು ಸ್ವೀಕರಿಸಿದ ಮೊಹರು ಅದರ ಮೇಲಿದೆ. ಏಪ್ರಿಲ್ ತಿಂಗಳದ್ದು. ಪರೀಕ್ಷೆ ಮುಗಿದು ಹನ್ನೊಂದು ದಿನಗಳಾದ ಮೇಲಿನದ್ದು.

ಮೊದಲು ಮೊಹರನ್ನು ಅನುಮಾನಿಸಿದೆ. ಗುಮಾಸ್ತರು ತಿಂಗಳು ಬದಲಾಯಿಸಲು ಮರೆಯುವುದುಂಟು. ಆದರೆ ಅವರು ಹಿಂದಿನ ತಿಂಗಳನ್ನು ಉಳಿಸಿಕೊಳ್ಳುತ್ತಾರೆ, ಮುಂದಿನದನ್ನು ಹಾಕುವುದಿಲ್ಲ. ದಿನಚರಿ ತೆಗೆದೆ. ಜನವರಿಯ ಪುಟದಲ್ಲಿ ನನ್ನದೇ ಅಕ್ಷರ: "ಪಳನಿಯಮ್ಮ, ಬಸ್‌ಸ್ಟ್ಯಾಂಡ್. ಮುಟ್ಟಿ ಕುಯ್ಯುತ್ತಾಳೆ. ಯೋಚಿಸಬೇಕು." ಮರುದಿನದ ಪುಟದಲ್ಲಿ ಮಡಿಕೇರಿ ಇಲ್ಲ. ಮೂರ್ನಾಡು ಇದೆ, ಒಂದು ಸಮೀಕ್ಷೆ ಇದೆ. ಅದರ ಮರುದಿನ ಇನ್ನೊಂದು ಶಾಲೆ. ಫೆಬ್ರವರಿಯಲ್ಲಿ ನನ್ನ ವರದಿಯನ್ನು ಮಾದರಿಯಾಗಿಟ್ಟು ನಾನೇ ಕೊಟ್ಟ ಒಂದು ಉಪನ್ಯಾಸ ಇದೆ. ಸೆಲ್ವಿಯ ಹೆಸರು ಎಲ್ಲಿಯೂ ಇಲ್ಲ.

ಅರ್ಜಿ ಕಳಿಸಲು ಎರಡು ವಾರ ಬಾಕಿಯಿದ್ದಾಗ ನನಗೆ ಸತ್ಯ ಗೊತ್ತಿತ್ತು. ಯೋಚಿಸಬೇಕು ಎಂದು ಬರೆದವನು ಮೂರು ತಿಂಗಳು ಏನು ಯೋಚಿಸಿದ? ಇನ್ನೊಮ್ಮೆ ಕೂಲಂಕಷವಾಗಿ ಪರೀಕ್ಷಿಸಿ ಆಮೇಲೆ ಬರೆಯೋಣ ಎಂದುಕೊಂಡಿರಬಹುದು. ನನ್ನ ಸ್ವಭಾವಕ್ಕೆ ಅದು ಹೊಂದುತ್ತದೆ. ಎಲ್ಲರ ಕೈಗೂ ಹಂಚಿದ ಜೆರಾಕ್ಸ್ ಪ್ರತಿಗಳ ಬಗ್ಗೆ ಯೋಚಿಸಿದ್ದೆನೆಂದು ಹೇಳಿದರೆ ಅದು ಹೆಚ್ಚು ನಿಜವಾಗುತ್ತದೆ. ಹಾಗಾದರೆ ಪಾಸಾದವಳು ಯಾರು? ಅದಕ್ಕೂ ಪುಸ್ತಕದಲ್ಲಿ ಉತ್ತರವಿತ್ತು. ಮುಂದಿನ ವರ್ಷ ಬೇರೊಂದು ಶಾಲೆಯ ಒಬ್ಬಳಿಗೆ ನಾನು ಶಿಫಾರಸು ಮಾಡಿದ್ದೆ, ಅವಳು ಪಾಸಾಗಿದ್ದಳು. ನನ್ನ ತಲೆ ಇಬ್ಬರು ಹುಡುಗಿಯರನ್ನು ಸೇರಿಸಿ ಒಂದು ಕತೆ ಹೊಲಿದಿತ್ತು. ನೆನಪು ಹೀಗೆ ಮಾಡುತ್ತದೆ ಎಂದು ನಾನು ಓದಿದವನೇ. ಆದರೆ ಕ್ಯಾಲೆಂಡರಿನ ಚಿತ್ರವನ್ನು ಅದು ಎಲ್ಲಿಂದ ತಂದಿತೋ ಗೊತ್ತಿಲ್ಲ.

ದೇಚಮ್ಮ ಟೀಚರ್ ಈಗಿಲ್ಲ. ಶಾಲೆಯಲ್ಲಿ ವಿಚಾರಿಸಿ, ಪಾಲಿಬೆಟ್ಟದ ಹತ್ತಿರದ ಒಂದು ಅಂಗನವಾಡಿಗೆ ಹೋದೆ. ಸೆಲ್ವಿ ಅಲ್ಲಿ ಸಹಾಯಕಿ. ಮಕ್ಕಳನ್ನು ಮನೆಗಳಿಂದ ಕರೆತರುವುದು, ಅಡುಗೆ, ಗುಡಿಸುವುದು. ಪಾಠ ಹೇಳುವ ಕಾರ್ಯಕರ್ತೆ ಅಂದು ಮೀಟಿಂಗಿಗೆ ಹೋಗಿದ್ದರು. ಸೆಲ್ವಿ ನನ್ನನ್ನು ಕೂಡಲೇ ಗುರುತು ಹಿಡಿದಳು.

"ಬನ್ನಿ ಸಾರ್. ಕಾರ್ಡ್ ತಂದಿದ್ದೀರಾ?" ಎಂದು ನಕ್ಕಳು. ಕುರ್ಚಿ ಒರೆಸಿ ಕೊಟ್ಟಳು.

ಬಂದ ವಿಷಯ ಹೇಳಿದೆ. ಪರೀಕ್ಷೆಯ ದಿನ ಕೇಳಿದೆ.

"ಸೋಷಿಯಲ್ ಪೇಪರ್ ದಿನ ಎಲ್ಲಾ ಗೊತ್ತಿತ್ತು ಸಾರ್. ಒಂದು ಪ್ರಶ್ನೆ ಬಿಡದ ಹಾಗೆ. ಎರಡು ಪುಟ ಬರೆಯೋವಾಗ ಬೆಲ್ ಆಯ್ತು. ಅದೂ ಯಾರಿಗೆ ಓದಕ್ಕೆ ಬರ್ತದೆ? ಪಾಪ, ಆ ಸೂಪರ್‌ವೈಸರ್ ಮೇಡಂ ಪೇಪರ್ ತಗೊಳ್ಳುವಾಗ ಏನಮ್ಮ ಓದ್ಕೊಂಡು ಬಂದಿಲ್ವಾ ಅಂದ್ರು."

"ಮತ್ತೆ ಕಟ್ಟಲಿಲ್ವಾ? ಏಪ್ರಿಲಿನಲ್ಲಿ ನಾನು ಬೇರೆ ವರದಿ ಕೊಟ್ಟಿದ್ದೆ."

"ನೀವು ಬಂದಿದ್ರಿ ಸಾರ್, ಲೈನಿಗೆ. ಅಂಗಳದಲ್ಲಿ ನಿಂತೇ ಮಾತಾಡಿದ್ರಿ. ಈ ಸಲ ಆಳು ಸಿಗ್ತಾರೆ, ಜೂನಲ್ಲಿ ಬರಿ ಅಂದ್ರಿ. ಅಮ್ಮ ಕಾಫಿ ತಂದ್ರೆ ಕುಡೀಲಿಲ್ಲ." ಈ ಭೇಟಿ ನನ್ನ ನೆನಪಿನಲ್ಲೂ ಇಲ್ಲ, ಪುಸ್ತಕದಲ್ಲೂ ಇಲ್ಲ. "ನಾನೇ ಬೇಡ ಅಂದೆ. ಕೈ ಸರಿ ಇದೆ, ಅಭ್ಯಾಸ ಇಲ್ಲ ಅಂತ ನೀವೇ ಬರೆದಿದ್ರಿ. ಅಭ್ಯಾಸ ಮಾಡಿದ್ದು ನನಗೆ ಗೊತ್ತಲ್ಲ ಸಾರ್. ಆದ್ದರಿಂದ ತಲೇಲೇ ಏನೋ ಇಲ್ಲ ಅಂದ್ಕೊಂಡೆ."

ಕಾರ್ಯಕರ್ತೆಯ ಹುದ್ದೆ ಇಲ್ಲಿ ಎರಡು ಸಲ ಖಾಲಿಯಾಯಿತಂತೆ. ಎರಡು ಸಲವೂ ಎಸ್ಸೆಸ್ಸೆಲ್ಸಿ ಪಾಸಾಗಿರಬೇಕು ಎಂದಿತ್ತು. ಈಗಿರುವವಳು ಅವಳಿಗಿಂತ ಹನ್ನೆರಡು ವರ್ಷ ಚಿಕ್ಕವಳು. "ಅಕ್ಕ ಅಂತ ಕರೀತಾಳೆ, ಒಳ್ಳೇ ಹುಡುಗಿ. ಮಕ್ಕಳಿಗೆ ಕತೆ ಹೇಳೋದು ಮಾತ್ರ ನನಗೇ ಬಿಟ್ಟಿದ್ದಾಳೆ."

ಆಮೇಲೆ ಕೇಳಿದಳು. "ಅಮ್ಮ ಬಸ್‌ಸ್ಟ್ಯಾಂಡಲ್ಲಿ ನಿಮಗೆ ಹೇಳಿದ್ರಂತಲ್ಲ, ಅದು ಜನವರಿಯಲ್ಲಾ?"

"ಜನವರಿಯಲ್ಲೇ."

"ಆಗ್ಲೇ ಗೊತ್ತಾಯ್ತಾ ನಿಮಗೆ?"

"ಗೊತ್ತಾಯ್ತು."

ಅವಳು ಎದ್ದು ಒಲೆಯ ಮೇಲಿನ ಹಾಲು ಇಳಿಸಿದಳು. ಒಂದು ಅಗಲವಾದ ತಟ್ಟೆಯಲ್ಲಿ ಲೋಟಗಳನ್ನು ಒಂದಕ್ಕೊಂದು ತಾಗಿಸಿ ಜೋಡಿಸಿ ಹಾಲು ಹಾಕತೊಡಗಿದಳು. ಪ್ರತಿ ಲೋಟದ ಅಂಚಿನಲ್ಲೂ ಸ್ವಲ್ಪ ಚೆಲ್ಲಿತು. ತಟ್ಟೆ ಇಟ್ಟಿದ್ದೇ ಅದಕ್ಕೆ. ಮಕ್ಕಳು ಸಾಲಾಗಿ ಬಂದು ಲೋಟ ತೆಗೆದುಕೊಂಡು ಹೋದರು. ನಾನು ಏನೋ ಹೇಳಲು ಹೊರಟೆ. ಅವಳು ಕೈಯಿಂದ ತಡೆದಳು, ಸಿಟ್ಟಿನಿಂದಲ್ಲ, ಕೊನೆಯ ಮಗು ಇನ್ನೂ ಲೋಟ ಹಿಡಿದಿರಲಿಲ್ಲ.

"ಹೊಸಬರಿಗೆ ನನ್ನ ವಿಷಯ ಹೇಳ್ತೀರಾ ಸಾರ್, ಈಗ್ಲೂ?"

"ಹೇಳ್ತೀನಿ. ಹೆಸರು ಹೇಳಲ್ಲ."

"ಹೆಸರು ಹೇಳಿ. ಪರವಾಗಿಲ್ಲ. ಪಾಸಾದಳು ಅಂತ ಮಾತ್ರ ಹೇಳ್ಬೇಡಿ."

ಅದಕ್ಕೇ ಇಲ್ಲಿ ಅವಳ ಹೆಸರು ಬರೆದಿದ್ದೇನೆ. ಸೆಲ್ವಿ ಆ ವರ್ಷ ಫೇಲಾದಳು.